ಅಕ್ಕಿಯ ಸೇರು, ನೀರಿನ ತೂಕ

ನನ್ನ ಹೆಂಡತಿಯ ಕಿಡ್ನಿ ಕೆಟ್ಟ ಮೇಲೆ ವಾರಕ್ಕೆರಡು ಸಲ ನಾವು ಸೊರಬದ ಕಡೆಯಿಂದ ಶಿಕಾರಿಪುರಕ್ಕೆ ಡಯಾಲಿಸಿಸ್‌ಗೆ ಹೋಗುತ್ತಿದ್ದೆವು. ಮೊದಲ ದಿನವೇ ನರ್ಸ್ ಹೇಳಿದ್ದರು: "ದಿನಕ್ಕೆ ಒಂದೇ ಲೀಟರ್ ರೀ, ಚಾ, ಸಾರು ಎಲ್ಲಾ ಸೇರಿ. ಒಂದು ಲೀಟರ್ ನೀರು ಅಂದ್ರೆ ಒಂದು ಕೆಜಿ. ಕುಡಿದದ್ದು ಒಳಗೇ ಉಳಿತದ, ತೂಕದಾಗ ಗೊತ್ತಾಗ್ತದ."

ಒಂದು ಕೆಜಿ ಎಂದರೆ ನನಗೆ ನೆನಪಾದದ್ದು ನಮ್ಮ ಮನೆಯ ಹಿತ್ತಾಳೆ ಸೇರು. ಮದುವೆಯ ದಿನ ಹೊಸ್ತಿಲಲ್ಲಿ ಅವಳು ಕಾಲಿನಿಂದ ಉರುಳಿಸಿ ಒಳಗೆ ಬಂದದ್ದು ಅದನ್ನೇ. ಅಕ್ಕಿ ತುಂಬಿ ತಲೆ ಗೀರಿ ಅಂಚಿಗೆ ಸಮ ಮಾಡಿದರೆ ಸರಿಯಾಗಿ ಒಂದು ಕೆಜಿ. ಹಾಗಾಗಿ ಪ್ರತಿ ಬೆಳಿಗ್ಗೆ ಅದರಲ್ಲೇ ನೀರು ಅಳೆದು ಅವಳ ತಂಬಿಗೆಗೆ ಹಾಕಿಡುತ್ತಿದ್ದೆ. ಚಾ, ಸಾರು ಎಲ್ಲಾ ಸೇರಿ ಇಡೀ ದಿನಕ್ಕೆ ಅಷ್ಟೇ.

ಆದರೂ ಆಸ್ಪತ್ರೆಯಲ್ಲಿ ಪ್ರತಿ ಸಲವೂ ಅವಳ ತೂಕ ಲೆಕ್ಕಕ್ಕಿಂತ ಹೆಚ್ಚೇ ಬರುತ್ತಿತ್ತು.

"ಕದ್ದು ಕುಡಿತಾರ್ರೀ ಇವ್ರು," ಎಂದರು ನರ್ಸ್, ನನ್ನ ಕಡೆ ನೋಡಿ.

"ಹೂಂ, ದಾರಿಯಲ್ಲಿ ಕೆರೇನೇ ನುಂಗಿ ಬಂದೆ ಅಂತ ಬರ್ಕೊಳ್ರಿ," ಎಂದಳು ಇವಳು.

ನರ್ಸ್ ನಕ್ಕರು. ನನಗೆ ನಗು ಬರಲಿಲ್ಲ. ಡಯಾಲಿಸಿಸ್‌ನಲ್ಲಿ ಮೈಯಿಂದ ಹೆಚ್ಚು ನೀರು ತೆಗೆದ ದಿನ ಅವಳ ಮೀನಖಂಡ ಗಂಟುಕಟ್ಟಿ, ಮಂಚದ ಸರಳು ಹಿಡಿದು ನರಳುತ್ತಿದ್ದಳು. ಬೇಕೆಂದೇ ಮಾಡಿಕೊಂಡಳೆಂದು ನನಗೆ ಸಿಟ್ಟು. ಮನೆಗೆ ಬಂದವನು ನೀರಿನ ಕೊಡದ ಬಾಯಿಗೆ ಬಟ್ಟೆ ಕಟ್ಟಿ ಗಂಟು ಹಾಕಿದೆ.

"ಕೊಡಕ್ಕೂ ಕಾವಲಾ? ನಾ ಕುಡ್ದಿಲ್ಲ ಅಂದ್ರೆ ಕುಡ್ದಿಲ್ಲ."

"ಹಂಗಾರೆ ತೂಕ ಸುಳ್ಳು ಹೇಳ್ತದಾ?"

ಆಮೇಲೆ ಅವಳು ನೀರಿನ ಮಾತೇ ಎತ್ತಲಿಲ್ಲ. ಎರಡು ತಿಂಗಳಿಗೆ ತೀರಿಕೊಂಡಳು.

ಅವಳು ಹೋಗಿ ತಿಂಗಳಾದಾಗಿನ ಪೂಜೆಯ ಪಾಯಸಕ್ಕೆ ಡೇರಿಯಿಂದ ಒಂದು ಲೀಟರ್ ಹಾಲು ತಂದು, ಕೈಗೆ ಸಿಕ್ಕ ಅದೇ ಹಿತ್ತಾಳೆ ಸೇರಿಗೆ ಸುರಿದೆ. ಹಾಲು ಅಂಚಿಗೆ ಬರಲಿಲ್ಲ. ಡೇರಿಯವರ ಅಳತೆ ಕಡಿಮೆ ಎಂದುಕೊಂಡೆ. ಪೂಜೆ ಮುಗಿದ ಮೇಲೆ ಮನಸ್ಸು ತಡೆಯದೆ ಸೇರಿನ ತುಂಬ ನೀರು ಹಾಕಿ, ಅಡಿಕೆ ತೂಗುವ ಯಂತ್ರದ ಮೇಲಿಟ್ಟೆ. ಸೇರಿನ ತೂಕ ಕಳೆದರೆ ಒಂದು ಕೆಜಿ ಇನ್ನೂರು ಗ್ರಾಂ. ಅಕ್ಕಿ ಹಾಕಿ ತೂಗಿದೆ, ಒಂದೇ ಕೆಜಿ. ಕಾಳು ಕಾಳಿನ ನಡುವೆ ಸಂದು ಇರುತ್ತದೆ, ಅಲ್ಲಿ ಬರೀ ಗಾಳಿ. ನೀರು ಸಂದು ಬಿಡುವುದಿಲ್ಲ.

ದಿನಾ ಇನ್ನೂರು ಗ್ರಾಂ ಹೆಚ್ಚು ಕೊಟ್ಟವನು ನಾನು.

ಮರುದಿನ ಬಸ್ಸು ಹತ್ತಿ ಶಿಕಾರಿಪುರಕ್ಕೆ ಹೋದೆ. ನರ್ಸ್ ಗುರುತು ಹಿಡಿದು ಕುರ್ಚಿ ಕೊಟ್ಟರು. ಸೇರಿನ ವಿಷಯ ಹೇಳಿದೆ.

"ಈಗ್ಯಾಕ್ರೀ ಯಜಮಾನ್ರೇ ಅದೆಲ್ಲ?"

"ಅವಳು ಕದ್ದು ಕುಡಿದಿರಲಿಲ್ಲ," ಎಂದೆ. "ಅಷ್ಟು ಬರ್ಕೊಳ್ರಿ."

ಅವರು ತೂಕ ಬರೆಯುವ ರಿಜಿಸ್ಟರ್ ತೆರೆದರು. ಅವಳ ಜಾಗದಲ್ಲಿ ಬೇರೆ ಯಾರದೋ ತೂಕ ಇತ್ತು.