ಬಸರಿಗಡ್ಡಿಯ ದೊಡ್ಡ ಮಂದಿ

ನಿನ್ನೆ ಮಧ್ಯಾಹ್ನ ಸೊಸೆ ಬಾಣಲೆಯಲ್ಲಿ ಜೋಳದ ಅಳ್ಳು ಹುರಿಯುತ್ತಿದ್ದಳು. ಪಂಚಮಿ ಬಂತೆಂದು ನನಗೆ ಗೊತ್ತಾದದ್ದೇ ಆಗ. ಊರು ಹೋಗು, ಕಾಡು ಬಾ ಎನ್ನುವ ಈ ವಯಸ್ಸಿನಲ್ಲಿ ಕ್ಯಾಲೆಂಡರಿನ ಅಕ್ಷರ ಕಣ್ಣಿಗೆ ಹತ್ತುವುದಿಲ್ಲ. ಹಬ್ಬಗಳೆಲ್ಲ ನನಗೆ ಮೂಗಿನ ದಾರಿಯಿಂದ ಬರುತ್ತವೆ. ನೆನೆಸಿದ ಜೋಳ ಬಿಸಿಗೆ ಪಟಪಟ ಒಡೆದು ಆ ಕಮ್ಮನೆಯ ವಾಸನೆ ಪಡಸಾಲೆಗೆ ಬಂದೊಡನೆ, ಮಾತ್ರೆ ತಗೊಳ್ಳಿ ಎಂದರೆ ಏಳದ ನಾನು ಎದ್ದು ಗೋಡೆಗೊರಗಿ ಕೂತೆ.

ಮಗ್ಗುಲಲ್ಲಿ ಮೊಮ್ಮಗಳು ಮೊಬೈಲು ಹಿಡಿದು ಮಲಗಿದ್ದಳು. ಇದ್ದಕ್ಕಿದ್ದಂತೆ ನಗತೊಡಗಿದಳು. "ಅಜ್ಜಿ, ಇಲ್ಲಿ ಕೇಳು. ಎಲ್ಲೋ ಸಮುದ್ರದಾಗ ಒಂದು ಸಣ್ಣ ದ್ವೀಪ ಐತಂತ. ಆ ದ್ವೀಪಕ್ಕ ಸಂಬಂಧಪಟ್ಟ ದೊಡ್ಡ ಮಂದಿ ಯಾರ್ಯಾರು ಅಂತ ಬರದಾರ. ಒಬ್ಬಾಂವ ಅಲ್ಲಿ ಹುಟ್ಟಿಲ್ಲ, ಸತ್ತಿಲ್ಲ. ಸೂಟಿಯೊಳಗ ಹೋಗಿ ನಾಕ ದಿವಸ ಇದ್ದ ಬಂದಾನ, ಅಷ್ಟ! ಅವನ್ನೂ ಹಿಡದ ಸೇರಿಸ್ಯಾರ."

ಅವಳಿಗೆ ನಗೆ. ಈ ಲೆಕ್ಕ ನನಗೆ ಹೊಸದಲ್ಲ. ಇದು ನಮ್ಮ ಚಿಗವ್ವನ ಲೆಕ್ಕ.

ನಮ್ಮದು ಜಮಖಂಡಿ. ಇನ್ನೂ ಸಂಸ್ಥಾನ ಇದ್ದ ಕಾಲ. ಅಪ್ಪ ಮತ್ತು ಕಾಕಾ ಬನಹಟ್ಟಿ, ರಬಕವಿಗೆ ಹೋಗಿ ಕೈಮಗ್ಗದ ಸೀರೆ ತಂದು ಪೇಟೆಯಲ್ಲಿ ಮಾರುತ್ತಿದ್ದರು. ಕಾಕಾನ ಮೊದಲ ಹೆಂಡತಿ ತೀರಿಕೊಂಡ ಮೇಲೆ ಬಂದವಳು ಗಂಗವ್ವ, ನಮ್ಮ ಚಿಗವ್ವ. ಕೃಷ್ಣಾ ಹೊಳೆಯ ನಡುವೆ ಬಸರಿಗಡ್ಡಿ ಎಂಬ ನಡುಗಡ್ಡೆಯಿತ್ತು. ಅದು ಅವಳ ತವರು. ಹತ್ತೋ ಹನ್ನೆರಡೋ ಮನೆ, ಮನುಷ್ಯರಿಗಿಂತ ಹೆಚ್ಚು ಎಮ್ಮೆ, ಒಂದು ಹಳೆಯ ಬಸರಿಮರ. ಊರೆಂದರೆ ಇಷ್ಟೇ. ಅಂಗೈಯಗಲದ ಆ ಊರಿನಿಂದ ಎಂಥೆಂಥ ದೊಡ್ಡವರು ಬಂದಿದ್ದರು ಅಂತೀರಿ!

ಜಮಖಂಡಿಯ ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಸಾಕಷ್ಟು ಹೆಸರು ಮಾಡಿದ ಪೈಲ್ವಾನನೊಬ್ಬನಿದ್ದ. ಅವನು ಕುಸ್ತಿ ಗೆದ್ದ ಸುದ್ದಿ ಬಂದರೆ ಚಿಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಅಂವಾ ನಮ್ಮ ಗಡ್ಡಿಯಾಂವ" ಎನ್ನುತ್ತಿದ್ದಳು. ದಸರೆಗೆ ಅರಮನೆಯಲ್ಲಿ ಹಾಡುವ ಗಾಯಕಿಯೊಬ್ಬರಿದ್ದರು, ಬಾಯಿ ಎಂದು ಕರೆಯುತ್ತಿದ್ದೆವು. "ಅವರೂ ನಮ್ಮ ಗಡ್ಡಿಯವರ." ಮುಧೋಳದ ಅರಮನೆಯ ಬೇಟೆನಾಯಿಗಳನ್ನು ನೋಡಿಕೊಳ್ಳುವವನೊಬ್ಬ ನಮ್ಮ ಅಂಗಡಿಗೆ ಬರುತ್ತಿದ್ದ. ಅವನೂ ಗಡ್ಡಿಯವನೇ. ಅವನ ಜೊತೆಗೆ ಬರುವ, ಹೊಟ್ಟೆ ಬೆನ್ನಿಗೆ ಹತ್ತಿದಂಥ ಆ ಉದ್ದ ಕಾಲಿನ ನಾಯಿಯೂ ಗಡ್ಡಿಯದೇ! ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ನಮ್ಮ ಆಯಿ, ಎಂದರೆ ಅಪ್ಪನ ಅವ್ವ, ನಾಲಿಗೆಯಲ್ಲಿ ಬೆಳ್ಳುಳ್ಳಿ ಖಾರ ಇಟ್ಟುಕೊಂಡೇ ಹುಟ್ಟಿದವಳು. ಒಮ್ಮೆ ದಿವಾನರ ಸಾರೋಟು ನಮ್ಮ ಓಣಿಯಿಂದ ಹಾದುಹೋದಾಗ ಕೇಳಿದಳು: "ಏನ ಗಂಗವ್ವಾ, ದಿವಾನ ಸಾಹೇಬ್ರೂ ನಿಮ್ಮ ಗಡ್ಡಿಯವರ ಏನ?"

ಚಿಗವ್ವ ನಗಲಿಲ್ಲ. ವಿಚಾರ ಮಾಡಿ ಹೇಳಿದಳು: "ಇಲ್ಲರೀ ಅತ್ತಿ. ಒಮ್ಮಿ ಬಂದಿದ್ರು. ಆದರ ಅವತ್ತ ಹೊಳಿ ತುಂಬಿರಲಿಲ್ಲ. ಸಂಜಿಕ ತಿರಗಿ ಹ್ವಾದ್ರು."

ಅವಳ ಲೆಕ್ಕಕ್ಕೆ ಒಂದು ಕಟ್ಟುನಿಟ್ಟು ಇತ್ತೆಂದು ನಿಮಗೆ ಈಗ ತಿಳಿದಿರಬೇಕು. ಆ ಗಡ್ಡಿಯಲ್ಲಿ ತಲೆತಲಾಂತರದಿಂದ ಬಂದ ರೂಢಿ ಅದು. ಹೊರಗಿನವರು ಯಾರೇ ಗಡ್ಡಿಗೆ ಬಂದಿರಲಿ, ಅವರಿರುವಾಗಲೇ ಹೊಳೆ ತುಂಬಿ ದೋಣಿ ನಿಂತುಹೋದರೆ, ಅವರನ್ನು ಹೊಳೆಯೇ ತಡೆದು ನಿಲ್ಲಿಸಿತೆಂದು ತಿಳಿಯುತ್ತಿದ್ದರು. ಹೊಳೆ ಇಳಿಯುವವರೆಗೂ ಆತ ಎಲ್ಲ ಮನೆಗಳ ಮಗ. ಒಂದೊಂದು ದಿನ ಒಂದೊಂದು ಮನೆಯ ಊಟ. ಹೊರಡುವಾಗ ಗಂಡಸಾದರೆ ತಲೆಗೆ ಪಟಕಾ, ಹೆಂಗಸಾದರೆ ಉಡಿ ತುಂಬಿ, ಹಡೆದ ಮಕ್ಕಳನ್ನು ಕಳಿಸಿದಂತೆ ಕಳಿಸುವುದು. ಅಲ್ಲಿಂದ ಮುಂದೆ ಅವರು ಗಡ್ಡಿಯವರು. ಪೈಲ್ವಾನ ಹಾಗೆ ಸಿಕ್ಕು ಊರಿನ ಎಮ್ಮೆಗಳ ಹಾಲನ್ನೆಲ್ಲ ಒಬ್ಬನೇ ಕುಡಿದು ಬಂದವನು. ಹಾಡುವ ಬಾಯಿ ಹೊಳೆ ದಾಟಿ ಯಾವುದೋ ಊರಿಗೆ ಹೋಗುವಾಗ ಅಲ್ಲಿ ತಡೆದವರು. ನಾಯಿಯವನು ಮೊಲದ ಬೆನ್ನು ಹತ್ತಿ ಹೋಗಿ ನಾಯಿಯ ಸಮೇತ ಸಿಕ್ಕಿಬಿದ್ದಿದ್ದ. ನಾಯಿಗೂ ಊಟ ಹಾಕಿದ ಮೇಲೆ ನಾಯಿಯನ್ನು ಬಿಡುವುದು ಹೇಗೆ?

ಇಷ್ಟು ಮಂದಿಯನ್ನು ತನ್ನವರೆಂದ ಆ ಗಡ್ಡಿ ತಾನು ಯಾವ ಸಂಸ್ಥಾನದ್ದು ಎಂಬುದು ಮಾತ್ರ ಅಲ್ಲಿಯವರಿಗೇ ಗೊತ್ತಿರಲಿಲ್ಲ. ಕರ ಕೇಳಲು ಈ ದಂಡೆಯಿಂದ ಬಂದರೆ ಆ ದಂಡೆಯವರು ಎನ್ನುತ್ತಿದ್ದರಂತೆ, ಆ ದಂಡೆಯಿಂದ ಬಂದರೆ ಈ ದಂಡೆಯವರು. ಇದನ್ನು ಹೇಳುವಾಗ ಚಿಗವ್ವನ ಮುಖದಲ್ಲಿ ಎಂಥ ತುಂಟತನ ಇರುತ್ತಿತ್ತು!

ಆದರೆ ಒಂದು ಮಾತನ್ನು ಅವಳು ತಾನಾಗಿ ಹೇಳುತ್ತಿರಲಿಲ್ಲ. ಅದನ್ನು ಹೇಳಿದವಳು ಆಯಿ, ಒಂದು ದಿನ ಸಿಟ್ಟಿನ ಭರದಲ್ಲಿ. "ಸಾಕ ಮಾಡಬೇ ನಿನ್ನ ಗಡ್ಡಿ ಪುರಾಣ! ನೀನರ ಎಲ್ಲಿ ಗಡ್ಡಿಯಾಕಿ? ನಿನ್ನೂ ಹೊಳಿನ ತಡದದ್ದು!"

ಖರೆಯೇ. ಚಿಗವ್ವ ಅಲ್ಲಿ ಹುಟ್ಟಿದವಳಲ್ಲ. ಪ್ಲೇಗಿನ ವರ್ಷ ಯಾವುದೋ ಊರು ಬಿಟ್ಟು ಗಂಡಹೆಂಡತಿ ಕೈಕೂಸು ಕಟ್ಟಿಕೊಂಡು ಗಡ್ಡಿಗೆ ಬಂದಿದ್ದರಂತೆ. ಹೊಳೆ ತುಂಬಿತು. ಹೊಳೆ ಇಳಿಯುವುದರೊಳಗೆ ಇಬ್ಬರೂ ಹೋದರು. ಕೂಸನ್ನು ನೀಲವ್ವ ಎಂಬಾಕೆ ಎತ್ತಿಕೊಂಡು ತನ್ನ ಮಗ ಬಾಳಪ್ಪನ ಜೊತೆಗೇ ಹಾಲುಣಿಸಿದಳು. ಹೊಳೆ ತಡೆದ ಉಳಿದವರನ್ನೆಲ್ಲ ಹೊಳೆ ಇಳಿದ ಮೇಲೆ ಕಳಿಸಿಕೊಡುತ್ತಿದ್ದರು. ಇವಳನ್ನು ಎಲ್ಲಿಗೆ ಕಳಿಸುವುದು? ಹಾಗಾಗಿ ಚಿಗವ್ವ ಗಡ್ಡಿಯ ಮಗಳೋ, ಹೊಳೆ ಇನ್ನೂ ಇಳಿಯದ ಅತಿಥಿಯೋ ಎಂಬುದನ್ನು ಯಾರೂ ಅವಳಿಗೆ ಬಾಯಿಬಿಟ್ಟು ಹೇಳಿರಲಿಲ್ಲ. ಕೇಳುವ ಧೈರ್ಯ ಅವಳಿಗೂ ಇರಲಿಲ್ಲ. ನಾಲ್ಕು ವಾರ ಹಾಲು ಕುಡಿದ ಪೈಲ್ವಾನನೇ ಗಡ್ಡಿಯವನಾದರೆ ತಾನು ಆಗದಿರುತ್ತೇನೆಯೇ ಎಂಬುದು ಅವಳು ದೊಡ್ಡ ಮಂದಿಯ ಸುದ್ದಿ ಎತ್ತಿದಾಗಲೆಲ್ಲ ಒಳಗೊಳಗೆ ಹಾಕುತ್ತಿದ್ದ ಲೆಕ್ಕ. ಅದು ತಿಳಿಯುವ ವಯಸ್ಸು ನನ್ನದಾಗಿರಲಿಲ್ಲ.

ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಲಗ್ನವಾದವರು ತವರಿಗೆ ಹೋಗಬೇಕು, ಜೋಕಾಲಿ ಜೀಕಬೇಕು, ಶೇಂಗಾದ ಉಂಡಿ, ಎಳ್ಳಿನ ಉಂಡಿ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಕು. ಗಡ್ಡಿಯ ಹೆಣ್ಣುಮಕ್ಕಳಿಗೆ ಆ ಭಾಗ್ಯವಿಲ್ಲ. ಪಂಚಮಿಯ ಹೊತ್ತಿಗೆ ಹೊಳೆ ಎರಡೂ ದಂಡೆ ಮುಟ್ಟಿ ಹರಿಯುತ್ತಿರುತ್ತದೆ. ಅದಕ್ಕೇ ಹೊಳೆ ಇಳಿದ ಮೇಲೆ ಗಡ್ಡಿಯಿಂದ ಬರುವ ಮೊದಲ ದೋಣಿಯಲ್ಲಿ ಎಲ್ಲರ ಉಂಡಿ ಬರುತ್ತಿದ್ದವು. ಊರವರೆಲ್ಲ ಪಂಚಮಿ ಮಾಡಿ ಮರೆತ ಮೇಲೆ ಚಿಗವ್ವನ ಪಂಚಮಿ. ಅಲ್ಲಿಯವರೆಗೆ ಅವಳು ಉಂಡಿಯನ್ನು ಬಾಯಿಗೆ ಮುಟ್ಟಿಸುತ್ತಿರಲಿಲ್ಲ. ಹೊಳೆ ತಡೆದ ಮಂದಿಗೂ ಅದೇ ಬುಟ್ಟಿಯಲ್ಲಿ ಗಂಟು ಬರುತ್ತಿತ್ತು. ಅಂಬಿಗರ ಹನಮಪ್ಪ ಬುಟ್ಟಿ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸುತ್ತಿದ್ದ. ಅಲ್ಲಿಂದ ಅವರವರದು ಅವರವರಿಗೆ ಹೋಗುತ್ತಿತ್ತು.

ಒಂದು ವರ್ಷ ಹೊಳೆ ಬಹಳ ದಿನ ಇಳಿಯಲಿಲ್ಲ. ಕೊನೆಗೊಂದು ಮಧ್ಯಾಹ್ನ ಹನಮಪ್ಪ ಬಂದ. ಪೈಲ್ವಾನ ಆಗಲೇ ಕಟ್ಟೆಯ ಮೇಲೆ ಕೂತಿದ್ದ. ಉಂಡಿಯ ವಾಸನೆ ಅವನಿಗೆ ತಾಲೀಮಿನವರೆಗೂ ಬರುತ್ತಿತ್ತೆಂದು ಕಾಣುತ್ತದೆ. ಚಿಗವ್ವ ಹೊಸ ಸೀರೆ ಉಟ್ಟು, ಬುಟ್ಟಿ ಬರಿದೇ ಮರಳಬಾರದೆಂದು ಮೊರದಲ್ಲಿ ಜೋಳ ತುಂಬಿಕೊಂಡು ಬಾಗಿಲಲ್ಲಿ ನಿಂತಳು.

ಹನಮಪ್ಪ ತಲೆ ಎತ್ತಲಿಲ್ಲ. ಒಂದೊಂದೇ ಗಂಟು ತೆಗೆದಿಟ್ಟ. "ಇದ ಪೈಲ್ವಾನರದು. ಇದ ಹಾಡೂ ಬಾಯಾರದು. ಇದ ಮುಧೋಳಕ್ಕ." ಮುಧೋಳದ ಗಂಟಿಗೆ ಹೊಂದಿಸಿ ಇನ್ನೊಂದು ಪುಟ್ಟ ಗಂಟು ಕಟ್ಟಿತ್ತು. ಅದು ನಾಯಿಯದು.

ಬುಟ್ಟಿ ಬರಿದಾಯಿತು.

"ಯಾಕೋ ಹನಮಪ್ಪಾ, ಅಕ್ಕಾರದು?" ಎಂದ ಪೈಲ್ವಾನ.

"ನನ್ನ ಕೈಯಾಗ ಕೊಟ್ಟದ್ದಷ್ಟ ತಂದೇನ್ರಿ" ಎಂದು ಹನಮಪ್ಪ ಬುಟ್ಟಿ ಎತ್ತಿದ. ಚಿಗವ್ವ ಮೊರದ ಜೋಳವನ್ನು ಅದಕ್ಕೆ ಸುರಿದಳು. ಒಂದು ಕಾಳೂ ಹೊರಗೆ ಬೀಳದಂತೆ ಸುರಿದಳು. ಪೈಲ್ವಾನ ತನ್ನ ಗಂಟು ಬಿಚ್ಚಿ, "ಯಕ್ಕಾ, ಇದರಾಗ ಅರ್ಧಾ…" ಎಂದು ಚಾಚಿದ. "ಬ್ಯಾಡಪಾ. ಅದ ನಿಂದು" ಎಂದು ಒಳಗೆ ಹೋದಳು.

ಸಂಜೆ ನಾನು ಒಲೆಯ ಹತ್ತಿರ ಕೂತಿದ್ದೆ. ಎಂದಿನಂತೆ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಕೈ ನಿಲ್ಲಿಸಿ, ನನಗೋ ಒಲೆಗೋ ಹೇಳಿದಂತೆ, "ನಾಯಿಗೂ ಬಂತು" ಎಂದಳು. ರೊಟ್ಟಿ ತಿರುವಿ ಹಾಕಿ, "ಅವ್ವಗ ವಯಸ್ಸಾತು. ಮನಿ ಸೊಸ್ತ್ಯಾರ ಕೈಯಾಗ ಹೋಗಿರಬೇಕು. ಅವರಿಗಿ ನಾ ಯಾರು?" ಎಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆಯಿ ಅಷ್ಟು ಹೊತ್ತು ಹೊರಗೆ ಸುಮ್ಮನೆ ಕೂತಿದ್ದಳು. ಆಯಿ ಸುಮ್ಮನೆ ಕೂಡುವುದೆಂದರೆ ಸಣ್ಣ ಮಾತಲ್ಲ. ಎದ್ದು ಬಂದು ತಾನೇ ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟಿದಳು. ತಾಟಿನಲ್ಲಿಟ್ಟು ಸೊಸೆಯ ಮುಂದೆ ಸರಿಸಿದಳು. "ತಗೋ. ಅತ್ತಿ ಕೊಟ್ಟದ್ದು ತವರಿಂದ ಆಗಂಗಿಲ್ಲ, ಖರೆ. ಬಾಯಿಗರ ಸಿಹಿ ಆಕ್ಕೈತಿ."

"ಇಡ್ರಿ ಅತ್ತಿ. ಆಮ್ಯಾಲ ತಿಂತೇನಿ."

ತಾಟು ಇಟ್ಟಲ್ಲೇ ಇತ್ತು. ಮರುದಿನ ಬೆಳಿಗ್ಗೆ, ಚಿಗವ್ವ ಅಂಗಳ ಸಾರಿಸುತ್ತಿರುವಾಗ, ನೀಲವ್ವನ ಮಗ ಬಾಳಪ್ಪ ಬಂದು ಬೀದಿಯಲ್ಲೇ ನಿಂತ. ತಲೆ ಬೋಳಿಸಿತ್ತು.

"ಒಳಗ ಬಾರೋ ಬಾಳಪ್ಪಾ" ಎಂದವಳು ಅವನ ತಲೆ ನೋಡಿ ಅಲ್ಲೇ ನಿಂತಳು.

"ಕೂಡಾಕ ಬಂದಿಲ್ಲಕ್ಕಾ. ಅವ್ವ ಹೋದ್ಲು. ಹೊಳಿ ತುಂಬಿ ಹರೀತಿತ್ತು, ನಿನಗ ಹೇಳಿಕಳಸಾಕ ಆಗಲಿಲ್ಲ. ಸಿಹಿ ಹೊತ್ತಾವನ ಬಾಯಿಲೆ ಈ ಸುದ್ದಿ ಹೇಳಸಬಾರದಂತ ಹನಮಪ್ಪಗ ಸುಮ್ಮಿರು ಅಂದಿದ್ದೆ. ಅದಕ್ಕ ಇವತ್ತ ನಾನ ಬಂದೆ."

ಚಿಗವ್ವ ಸಗಣಿಯ ಕೈಯಲ್ಲೇ ಹೊಸ್ತಿಲ ಮೇಲೆ ಕೂತಳು. ಅಳುತ್ತಾಳೆಂದು ನಾವೆಲ್ಲ ಕಾದೆವು. ಅಳಲಿಲ್ಲ. ಕೇಳಬಾರದ್ದನ್ನು ಕೇಳುವವಳ ಹಾಗೆ, ಬಹಳ ಮೆಲ್ಲಗೆ ಕೇಳಿದಳು: "ಬಾಳಪ್ಪಾ, ನಿನ್ನಿ ಎಲ್ಲಾರಿಗೂ ಉಂಡಿ ಬಂದ್ವು. ನಾಯಿಗೂ ಬಂತು."

ಬಾಳಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಸ್ವಲ್ಪ ಸಿಟ್ಟೇ ಬಂತು.

"ಅವ್ರು ಬಂದ ಹ್ವಾದವ್ರಕ್ಕಾ! ನಮ್ಮ ದುಃಖಕ್ಕ ಅವರ ಬಾಯಿ ಯಾಕ ಕಟ್ಟೂದಂತ ಬಾಜು ಮನ್ಯಾಗ ಮಾಡಿಸಿ ಕಳಿಸೀವಿ. ಹಡದವ್ವ ಸತ್ತ ವರ್ಷ ಮಗಳಿಗಿ ಹಬ್ಬ ಎಲ್ಲೀದು? ನಿನಗ ಹ್ಯಾಂಗ ಉಂಡಿ ಕಳಸ್ಲಿ?"

ಆಗ ಅತ್ತಳು. ಓಣಿಯ ಹೆಂಗಸರೆಲ್ಲ ಓಡಿಬಂದರು. ಅಂಥ ಅಳುವನ್ನು ನಾನು ಮತ್ತೆ ಕೇಳಿಲ್ಲ. ಅವ್ವನನ್ನು ಕಳೆದುಕೊಂಡ ಅಳುವಿನಲ್ಲೇ ಅವ್ವ ಸಿಕ್ಕ ಅಳುವೂ ಸೇರಿತ್ತು. ಏನಾತು, ಏನಾತು ಎಂದು ಅವರು ಕೇಳಿದಾಗ ಉತ್ತರ ಕೊಟ್ಟವಳು ಆಯಿ. ಉಂಡಿಯ ತಾಟನ್ನು ಸೆರಗಿನಲ್ಲಿ ಮುಚ್ಚಿ ಒಳಗೆ ಒಯ್ಯುತ್ತ ಹೇಳಿದಳು: "ನಮ್ಮ ಗಂಗವ್ವಗ ಈ ವರ್ಷ ಹಬ್ಬ ಇಲ್ಲವಾ. ಗಡ್ಡಿಯೊಳಗ ಅವ್ರವ್ವ ತೀರ್ಯಾಳ."

ಅಂದಿನಿಂದ ಚಿಗವ್ವ ದೊಡ್ಡ ಮಂದಿಯ ಸುದ್ದಿ ಎತ್ತುವುದು ಕಡಿಮೆಯಾಯಿತು. ಪೈಲ್ವಾನ ಗೆದ್ದರೆ "ಛಲೋ ಆತು" ಎಂದು ರೊಟ್ಟಿ ಬಡಿಯುತ್ತಿದ್ದಳು, ಅಷ್ಟೇ. ಮುಂದೆ ಸಂಸ್ಥಾನಗಳು ಹೋದವು. ಬಹಳ ವರ್ಷದ ಮೇಲೆ ಅಣೆಕಟ್ಟಿನ ಹಿನ್ನೀರು ಬಂದು ಬಸರಿಗಡ್ಡಿಯೂ ಹೋಯಿತು. ಈಗ ಯಾವ ದಂಡೆಯ ಕರದವರೂ ಅದನ್ನು ಹುಡುಕಲಾರರು.

ನನ್ನನ್ನು ಮುಧೋಳಕ್ಕೆ ಕೊಟ್ಟರು. ಪ್ರತಿ ಪಂಚಮಿಗೆ ಚಿಗವ್ವನ ಕೈಯ ಉಂಡಿ ಬರುತ್ತಿದ್ದವು. ಅವಳಿಗೆ ಮಕ್ಕಳಿರಲಿಲ್ಲ. ಅವಳು ತೀರಿದ ವರ್ಷ ತವರಿನಿಂದ ತಮ್ಮನ ಹೆಂಡತಿ ರೂಢಿಯಂತೆ ಡಬ್ಬಿ ತುಂಬಿ ಕಳಿಸಿದಳು. ನಾನು ಮುಚ್ಚಳ ತೆಗೆಯದೆ ಮರಳಿಸಿದೆ. ಗಂಡ ಬೆರಗಾಗಿ, "ನಿಮ್ಮವ್ವ ಗಟ್ಟಿಮುಟ್ಟಿ ಅದಾರಲ್ಲ?" ಎಂದರು. "ಒಬ್ಬಾಕಿ ಅದಾಳ್ರಿ" ಎಂದೆ.

ಇದೆಲ್ಲ ಹೇಳಿ ಮುಗಿಸುವಾಗ ಮೊಮ್ಮಗಳ ಮೊಬೈಲು ಎಲ್ಲೋ ಬಿದ್ದಿತ್ತು. ಸೊಸೆ ಹೊಸ ಉಂಡಿಯ ತಾಟು ತಂದಿಟ್ಟಿದ್ದಳು. ಹುಡುಗಿ ಒಂದನ್ನು ತೆಗೆದುಕೊಂಡು ಬಾಯಿಯವರೆಗೆ ಒಯ್ದು ನಿಲ್ಲಿಸಿದಳು.

"ಅಜ್ಜಿ, ಇದನ್ನ ತಿನ್ನಲೋ ಬ್ಯಾಡೋ?"

ಆ ಒಂದು ವರ್ಷ ಬಿಟ್ಟರೆ ಉಂಡಿಯನ್ನು ನಾನೂ ಬರೀ ಸಿಹಿಯೆಂದು ತಿಂದವಳು. ಸೊಸೆ ಒಳಗೆ ಪಾತ್ರೆ ಸಪ್ಪಳ ಮಾಡುತ್ತಿದ್ದಳು. ಮಗ ಅಂಗಳದಲ್ಲಿ ಯಾರೊಡನೆಯೋ ಜೋರಾಗಿ ಮಾತಾಡುತ್ತಿದ್ದ. ಎರಡನ್ನೂ ಕಿವಿಗೊಟ್ಟು ಕೇಳಿದೆ.

"ತಿನ್ನವಾ," ಎಂದೆ. "ಈ ವರ್ಷ ನಮ್ಮವರು ಎಲ್ಲಾರೂ ಅದಾರ."