ಮಳೆಯಿಲ್ಲದೆ ಏರಿದ ನೀರು

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆಯನ್ನು ನಡುವೆಯೇ ಬಿಟ್ಟವಳು, ಪದಗಳೂ ಕಡಿಮೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಇದು ನನ್ನ ಚಿಕ್ಕಮ್ಮನ ಕಥೆ.

ಬೀದಿಯ ಬಾವಿಯನ್ನು ನೋಡಿಕೊಳ್ಳುವುದು ಚಿಕ್ಕಮ್ಮನ ಕೆಲಸ. ಬಾವಿಯ ಪಕ್ಕದಲ್ಲೇ ಇಂಗುಗುಂಡಿಯಿದೆ. ಸುತ್ತಲ ಚಾವಣಿಗಳ ಮಳೆನೀರು ಅದರ ಜಲ್ಲಿ, ಮರಳು ದಾಟಿ ನೆಲಕ್ಕಿಳಿಯುತ್ತದೆ. ಚಿಕ್ಕಮ್ಮ ಆಗಾಗ ಟೇಪಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡುತ್ತಾಳೆ. ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿದರೆ ನೀರಿನ ಆಳ ತಿಳಿಯುತ್ತದೆ. ಬಿರುಬೇಸಿಗೆಯಲ್ಲಿ ನೀರು ಇಳಿಯುತ್ತಲೇ ಹೋಗಬೇಕು.

ಅವತ್ತು ಏರಿತ್ತು.

"ನಿನ್ನ ಕೈಗುಣ ಬಿಡೇ! ಮೋಡಾನೇ ಇಲ್ದೆ ನೀರು ತರಿಸಿದ್ದೀಯ," ಎಂದು ಬಾವಿಯ ಪಂಪಿನ ನಲ್ಲಿಯಲ್ಲಿ ಕೊಡ ತುಂಬುತ್ತಿದ್ದ ಟೈಲರ್ ಅಜ್ಜಿ ನಕ್ಕರು. "ಮುಂದಿನ ಸಲ ಹಾಲೇ ತರಿಸು."

ಚಿಕ್ಕಮ್ಮ ಮತ್ತೆ ಟೇಪು ಇಳಿಬಿಟ್ಟಳು. ಅಷ್ಟೇ ಬಂತು. ಮಳೆಯೇ ಇಲ್ಲದ ಮೇಲೆ ಇದು ಯಾವ ನೀರು? ಓಡಿಹೋಗಿ ಇಂಗುಗುಂಡಿಯ ಮುಚ್ಚಳ ಸರಿಸಿದಳು. ಜಲ್ಲಿ ಒದ್ದೆಯಾಗಿತ್ತು, ಮೇಲೆ ಹಸಿರು ಪೊರೆ ಕಟ್ಟಿತ್ತು. ಮೂಗಿಗೆ ಅಡರುವ ಆ ವಾಸನೆ ಅವಳಿಗೆ ಹೊಸದಲ್ಲ. ಗಂಡನ ಅಂಗಿ ಒಗೆಯುವಾಗ ದಿನಾ ಬರುವಂಥದ್ದೇ.

ಗೋಡೆಯಾಚೆಯ ಗಿಲೀಟು ಅಂಗಡಿಯಲ್ಲಿ, ಸಾಮಾನನ್ನು ರಾಸಾಯನಿಕಗಳಲ್ಲಿ ಅದ್ದಿ ಹೊಳಪಿನ ಲೇಪ ಕೊಡುವಲ್ಲಿ, ಚಿಕ್ಕಪ್ಪನಿಗೆ ಕೆಲಸ. ಅವಳು ಬಾಗಿಲಲ್ಲೇ ನಿಂತು ಕರೆದಳು.

"ರೀ, ಸಾಮಾನು ತೊಳೆದ ನೀರು ಎಲ್ಲಿಗೆ ಬಿಡ್ತಿದ್ದೀರಾ?"

"ಮೋರಿ ಕಟ್ಕೊಂಡಿದೆ. ಗುಂಡಿಗೇ ಬಿಡಿ ಅಂದ್ರು ಮಾಲೀಕರು. ಮಣ್ಣು ಸೋಸುತ್ತೆ ಬಿಡೇ."

"ಕಸ ಸೋಸುತ್ತೆ. ವಿಷಾನೂ ಸೋಸುತ್ತಾ?"

"ಮೆಲ್ಲಗೆ ಮಾತಾಡೇ! ಬೀದಿಯವರಿಗೆ ಗೊತ್ತಾದ್ರೆ ಅಂಗಡಿ ಮುಚ್ಚಿಸ್ತಾರೆ. ಹೊಟ್ಟೆಗೇನು ಮಣ್ಣು ತಿನ್ನೋಣ್ವಾ?"

"ನಿಮ್ಮ ಮಗಳು ಬೆಳಿಗ್ಗೆ ಏನು ಕುಡಿದು ಶಾಲೆಗೆ ಹೋದ್ಳು ರೀ?"

 

ಚಿಕ್ಕಮ್ಮ ಹಿಂದಿರುಗಿ ಪಂಪಿನ ಫ್ಯೂಸು ಕಿತ್ತಳು. 

"ಅಜ್ಜಿ, ಆ ನೀರು ಚೆಲ್ಲಿಬಿಡಿ. ಇವತ್ತು ಕುಡಿದಿದ್ದೀರಾ?"

"ಕುಡೀದೆ ಇರ್ತೀನಾ? ಯಾಕೇ, ಮುಖ ಯಾಕೆ ಹಾಗೆ ಬಿಳುಚಿಕೊಂಡಿದೆ?"

ಚಿಕ್ಕಮ್ಮ ಎಲ್ಲವನ್ನೂ ಹೇಳಿದಳು, ಗಂಡನ ಕೆಲಸವನ್ನೂ ಮುಚ್ಚಿಡದೆ. ಅಜ್ಜಿ ಕೊಡದ ನೀರನ್ನು ಅಲ್ಲೇ ಚೆಲ್ಲಿದರು.

ಈಗ ಅಂಗಡಿಗೆ ಬೀಗ ಬಿದ್ದಿದೆ, ಬೀದಿಗೆ ಟ್ಯಾಂಕರ್ ಬರುತ್ತಿದೆ. ಬಾವಿ ನೀರಿನ ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ನೆಲಕ್ಕಿಳಿದದ್ದು ಎಲ್ಲಿಯವರೆಗೆ ಹರಿದಿದೆಯೋ ಯಾರಿಗೂ ಗೊತ್ತಿಲ್ಲ. ಚಿಕ್ಕಮ್ಮ ಮಗಳ ಹಣೆ ಮುಟ್ಟಿ ಮುಟ್ಟಿ ನೋಡುತ್ತಾಳೆ. ಡಾಕ್ಟರು ಏನು ಹೇಳುತ್ತಾರೋ ಎಂದು, ಆಸ್ಪತ್ರೆಗೆ ಕರೆದುಕೊಂಡು ಹೋಗುವ ಧೈರ್ಯ ಅವಳಿಗೆ ಬರುತ್ತಿಲ್ಲ.

ನಾಳೆ ಆ ನನ್ನ ತಂಗಿಯ ರಕ್ತ ಪರೀಕ್ಷೆ ಮಾಡಿಸಲು ನಾನೇ ಕರೆದುಕೊಂಡು ಹೋಗುತ್ತೇನೆ.