ರೋಪ್‌ವೇಯ ಹಗ್ಗ

ಪುಣೆಯಿಂದ ಬೆಳಿಗ್ಗೆ ಹೊರಟ ನಾವು ನಾಲ್ವರು ಕೋಟೆಯ ಬೆಟ್ಟಕ್ಕೆ ರೋಪ್‌ವೇ ಹತ್ತಿದೆವು: ನಾನು, ನನ್ನ ಗಂಡ, ಆರು ವರ್ಷದ ಮಗಳು, ಮೊಣಕಾಲು ನೋವಿನ ಅತ್ತೆ. ಗಂಡನಿಗೆ ಭೋಸರಿಯ ಕಾರ್ಖಾನೆಯೊಂದರಲ್ಲಿ ಕ್ರೇನುಗಳ ಉಕ್ಕಿನ ಹಗ್ಗ ಪರೀಕ್ಷಿಸುವ ಕೆಲಸ. ಟ್ರಾಲಿ ಮೇಲೇರುತ್ತಿದ್ದಂತೆ ಮಗಳು ಕೇಳಿದಳು, "ಅಪ್ಪಾ, ಹಗ್ಗ ಗಟ್ಟಿ ಅದ ಹೌದಿಲ್ಲೋ?" ಅವರು ಕಂಬ ದಾಟುವಾಗಲೆಲ್ಲ ಏಳುತ್ತಿದ್ದ ಕಿರ್ರೆಂಬ ಸದ್ದನ್ನೇ ಆಲಿಸುತ್ತಿದ್ದರು. ಅಷ್ಟು ತಂಪು ಗಾಳಿಯಲ್ಲೂ ಅವರ ಹಣೆ ಬೆವೆತಿತ್ತು.

ಮೇಲೆ ಇಳಿದವರೇ ಟ್ರಾಲಿ ನಡೆಸುವವನ ಬಳಿ ಹೋಗಿ ಮರಾಠಿಯಲ್ಲಿ ವಿಚಾರಿಸಿದರು. ದಿನಾ ಬೆಳಿಗ್ಗೆ ನೋಡುತ್ತೇವೆ ಎಂದು ಆತ ನಕ್ಕ. "ಕಾಳಜಿ ನಕೋ, ಕಾಕಾ," ಚಿಂತೆ ಬೇಡ ಎಂದ. ಗಂಡ ನಗಲಿಲ್ಲ.

ಮರಳುವಾಗ ನನ್ನನ್ನು ಬದಿಗೆ ಕರೆದರು. "ನೀ ಕೂಸಿನ್ನ ಕರಕೊಂಡು ಮೆಟ್ಟಲಾ ಇಳಿ. ನಾ ಅವ್ವನ ಜೋಡಿ ಇದರಾಗ ಬರ್ತೀನಿ."

"ಹಗ್ಗ ಏನರೆ ಕೆಟ್ಟದ ಏನ್ರಿ?"

"ಗೊತ್ತಿಲ್ಲ. ಅವ್ವಗ ಮೆಟ್ಟಲಾ ಇಳಿಯೂದು ಆಗೂದಿಲ್ಲ."

ಮಗಳ ಕೈ ಹಿಡಿದು ಇಳಿಯುತ್ತ ಅವರ ಟ್ರಾಲಿಯನ್ನೇ ನೋಡುತ್ತಿದ್ದೆ. ಅದು ಗಾಳಿಗೆ ಒಮ್ಮೆ ಜೋರಾಗಿ ಓಲಾಡಿದಾಗ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಅದು ಬಂಡೆಯ ಹಿಂದೆ ಮರೆಯಾಯಿತು. ಮಗಳನ್ನು ಎತ್ತಿಕೊಂಡು ಓಡೋಡುತ್ತ ಇಳಿದೆ.

ಕೆಳಗೆ ಅತ್ತೆ ಬೆಂಚಿನ ಮೇಲೆ ಕೂತು ಆರಾಮಾಗಿ ಕಬ್ಬಿನ ಹಾಲು ಕುಡಿಯುತ್ತಿದ್ದರು. ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ಕೂತಿದ್ದರು.

"ಎಷ್ಟ ತಡಾ ಮಾಡಿದಿ!" ಎಂದರು ಅತ್ತೆ. "ಇಂವನ್ನ ನೋಡು, ಭಾಳ ಅಂಜ್ಯಾನ. ಇನ್ನೂ ನನ್ನ ಕೈ ಬಿಡವಲ್ಲ."